ಬೆಂಬಲಿಸುವವರೂ ಆಕ್ಷೇಪಣೆ ಹಾಕಿದ ಪ್ರಕರಣ: ಒಂದು ಕಾಡು, ಒಂದು ಕಾಲುದಾರಿ, 45 ದಿನ

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಮರ ಕಡಿಯುವ, ಬೆಂಕಿ ಕೊಡುವ, ದಾರಿ ಮಾಡುವ ದೊಡ್ಡ ಯೋಜನೆಗಳಿಗೆ ಅಂತಿಮ ಸಹಿ ಬೀಳುವ ಮುಂಚೆ ಜನ ತಕರಾರು ಎತ್ತಲು ಒಂದು ವಿಧಿಬದ್ಧ ಅವಕಾಶ ಇದೆ. ಅಂಥ ಒಂದು ಯೋಜನೆಯಲ್ಲಿ ಆ ಅವಕಾಶ ಹೇಗೆ ಬಳಕೆಯಾಯಿತು, ಯಾರಿಗೆ ಏನು ಸಿಕ್ಕಿತು, ಯಾರು ಬರಿಗೈಯಲ್ಲಿ ಹೋದರು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಜಾಗ ದೇಶದ ವಾಯವ್ಯ ಭಾಗದ ಕ್ಯಾಸ್ಕೇಡ್ ಪರ್ವತಸಾಲಿನ ಪೂರ್ವ ಇಳಿಜಾರಿನ ಒಂದು ಅರಣ್ಯ ವಲಯ (ರೇಂಜ್). ಅರಣ್ಯದ ಹೆಸರು, ಊರು, ಸಂಘಗಳು, ವರ್ಷ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ನಿಯಮ, ಗಡುವು, ಕಾಡಿನ ಸಂಗತಿಗಳು ಮಾತ್ರ ಇದ್ದ ಹಾಗೆಯೇ ಇವೆ. ನಾನು ಅಲ್ಲಿಯ ಟ್ರೇಲ್ ಕ್ಲಬ್ಬಿನ ಸ್ವಯಂಸೇವಕ, ಎಂದರೆ ದಾರಿ ಆಗಲಿ ಎನ್ನುವ ಕಡೆಯವನು. ಓದುವವರಿಗೆ ಅದು ಗೊತ್ತಿರಲಿ.

ಹಿನ್ನೆಲೆ

ಕ್ಯಾಸ್ಕೇಡ್ ಸಾಲು ನಮ್ಮ ಘಟ್ಟದ ಹಾಗೆಯೇ ಮಳೆಯನ್ನು ಪಾಲು ಮಾಡುತ್ತದೆ. ಪಡುವಣಕ್ಕೆ ಪಾಚಿ ಹಿಡಿದ ದಟ್ಟ ಕಾಡು, ಮೂಡಣಕ್ಕೆ ಒಣ ಬಯಲುಸೀಮೆ. ಒಣ ಕಡೆಯ ದೊಡ್ಡ ಮರ ಪಾಂಡೆರೋಸಾ ಪೈನ್. ತೊಗಟೆ ದಪ್ಪ; ಮರ ಹಳೆಯದಾದಂತೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬಿಸಿಲಲ್ಲಿ ಮೂಗು ಹತ್ತಿರ ಹಿಡಿದರೆ ವೆನಿಲಾ ವಾಸನೆ. ಹಿಂದೆ ಸಿಡಿಲಿನಿಂದಲೋ, ಅಲ್ಲಿಯ ಮೂಲನಿವಾಸಿಗಳು ಬೇಕೆಂದೇ ಕೊಟ್ಟಿದ್ದರಿಂದಲೋ ನೆಲಮಟ್ಟದ ಬೆಂಕಿ ಆಗಾಗ ಹರಿದುಹೋಗುತ್ತಿತ್ತು. ತರಗೆಲೆ, ಎಳೆ ಸಸಿ ಸುಡುತ್ತಿದ್ದವು, ದೊಡ್ಡ ಮರಗಳು ಬುಡ ಕಪ್ಪಾಗಿ ನಿಂತಿರುತ್ತಿದ್ದವು. 1910ರಲ್ಲಿ ಐಡಾಹೊ ಮತ್ತು ಮೊಂಟಾನಾ ಕಡೆ ಸುಮಾರು 30 ಲಕ್ಷ ಎಕರೆ ಉರಿದ ಮೇಲೆ, ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್ ಎಲ್ಲ ಬೆಂಕಿಯನ್ನೂ ಶತ್ರುವೆಂದೇ ನೋಡತೊಡಗಿತು. 1935ರಲ್ಲಂತೂ, ಕಂಡ ಬೆಂಕಿ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು ಎಂಬುದೇ ನೀತಿಯಾಯಿತು. ಹಾಗೆ ದಶಕಗಟ್ಟಲೆ ಬೆಂಕಿ ಕಾಣದ ಕಾಡಿನಲ್ಲಿ ನೆರಳು ಸಹಿಸುವ ಗ್ರ್ಯಾಂಡ್ ಫರ್ ಮರಗಳು ಪೈನ್‌ಗಳ ಸಂದಿನಲ್ಲೆಲ್ಲ ಎದ್ದವು. ಈಗ ಕಿಡಿ ಬಿದ್ದರೆ ಬೆಂಕಿ ಈ ಸಣ್ಣ ಮರಗಳನ್ನು ಹತ್ತಿ ದೊಡ್ಡ ಮರಗಳ ನೆತ್ತಿಗೇ ಹೋಗುತ್ತದೆ.

ಯೋಜನೆಯಲ್ಲಿ ಮೂರು ಕೆಲಸ ಇದ್ದವು. ಕೆಲವು ಸಾವಿರ ಎಕರೆಯಲ್ಲಿ ಸಣ್ಣ ಮರಗಳನ್ನು ಕಡಿದು ಕಾಡನ್ನು ತೆಳುಮಾಡುವುದು, ಆಮೇಲೆ ಅಲ್ಲಿ ನಿಯಂತ್ರಿತವಾಗಿ ಬೆಂಕಿ ಕೊಡುವುದು, ಮತ್ತು ಅದೇ ಜಾಗದಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ ಹೊಸ ಕಾಲುದಾರಿಗಳು. ಕಾಲುದಾರಿಯ ಜತೆಗೆ ಒಂದು ವಾಹನ ನಿಲುಗಡೆ ಜಾಗ, ಮತ್ತು ವರ್ಷಗಳಿಂದ ಯಾರು ಯಾರೋ ಅನುಮತಿಯಿಲ್ಲದೆ ಕೊರೆದಿದ್ದ ಕಳ್ಳದಾರಿಗಳನ್ನು ಮುಚ್ಚುವ ಕೆಲಸ.

ಕಾಡಿನ ಪುನಶ್ಚೇತನಕ್ಕೂ ಸೈಕಲ್ ದಾರಿಗೂ ಎಲ್ಲಿಯ ಸಂಬಂಧ ಎಂದು ಊರಲ್ಲಿ ಬಹಳ ಜನ ಕೇಳಿದರು. ಒಂದೇ ಪರಿಸರ ವರದಿಯಲ್ಲಿ ಎರಡೂ ಮುಗಿದರೆ ಕಚೇರಿಗೆ ಸಮಯ, ಹಣ ಎರಡೂ ಉಳಿಯುತ್ತವೆ ಎಂಬುದು ಹೇಳಿಕೊಳ್ಳುವ ಕಾರಣ. ಮರದ ಮಿಲ್ಲಿನವರು, ಬೆಂಕಿಗೆ ಹೆದರಿದ ಊರಿನವರು, ಸೈಕಲ್ಲಿನವರು ಎಲ್ಲರೂ ಒಂದೇ ಯೋಜನೆಯ ಹಿಂದೆ ನಿಲ್ಲುತ್ತಾರೆ ಎಂಬುದು ಹೇಳಿಕೊಳ್ಳದ ಕಾರಣ. ಆದರೆ ಹೀಗೆ ಗಂಟು ಹಾಕಿದಾಗ ಒಂದರ ಮೇಲಿನ ತಕರಾರು ಇನ್ನೊಂದನ್ನೂ ಹಿಡಿದು ನಿಲ್ಲಿಸುತ್ತದೆ. ಇಲ್ಲಿ ಆದದ್ದೂ ಅದೇ.

ನಿಯಮ ಏನು ಹೇಳುತ್ತದೆ

2013ಕ್ಕೆ ಮೊದಲು ಇಂಥ ಯೋಜನೆಗಳಲ್ಲಿ ಅಧಿಕಾರಿ ನಿರ್ಣಯಕ್ಕೆ ಸಹಿ ಹಾಕಿದ ಮೇಲೆ ಜನ ಮೇಲ್ಮನವಿ ಹಾಕುತ್ತಿದ್ದರು. ಸಹಿ ಬಿದ್ದ ಮೇಲೆ ಇಬ್ಬರೂ ಹಟಕ್ಕೆ ಬೀಳುವುದೇ ಹೆಚ್ಚು. ಅಮೆರಿಕದ ಸಂಸತ್ತು ಬಜೆಟ್ ಕಾನೂನಿನಲ್ಲೇ ಒಂದು ಕಲಂ ಸೇರಿಸಿ ಇದನ್ನು ಬದಲಿಸಲು ಹೇಳಿತು. 2013ರ ಮಾರ್ಚ್‌ನಲ್ಲಿ ಹೊಸ ನಿಯಮ ಬಂತು. ಅದರ ಪ್ರಕಾರ ಮೊದಲು ಕರಡು ನಿರ್ಣಯ ಹೊರಬರುತ್ತದೆ, ಅದರ ಮೇಲೆ ಆಕ್ಷೇಪಣೆ ಕೇಳುತ್ತಾರೆ, ಆಮೇಲಷ್ಟೇ ಸಹಿ.

ಈ ಪ್ರಕರಣದಂಥ ಯೋಜನೆಗೆ ಆಕ್ಷೇಪಣೆ ಅವಧಿ 45 ದಿನ. ನಿಗದಿಯಾದ ಪತ್ರಿಕೆಯಲ್ಲಿ ಪ್ರಕಟಣೆ ಬಂದ ಮರುದಿನದಿಂದ ಎಣಿಕೆ ಶುರು. ಈ ಗಡುವನ್ನು ಯಾರೂ ವಿಸ್ತರಿಸುವಂತಿಲ್ಲ. ಕೊನೆಯ ದಿನ ರಜೆಯಾದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ, ಅಷ್ಟೇ. ಕರಡು ಬರೆದ ಅಧಿಕಾರಿಗಿಂತ ಒಂದು ಮೆಟ್ಟಿಲು ಮೇಲಿನವರು ಪರಿಶೀಲನಾಧಿಕಾರಿ. ಇಲ್ಲಿ ಕರಡು ರೇಂಜರ್ ಅವರದ್ದು, ಪರಿಶೀಲನೆ ಇಡೀ ಅರಣ್ಯದ ಸೂಪರ್‌ವೈಸರ್ ಅವರದ್ದು. ಅವರಿಗೆ ಉತ್ತರ ಕೊಡಲು ಮತ್ತೆ 45 ದಿನ, ಬೇಕಾದರೆ ಇನ್ನೂ 30.

ಜನ ಎಡವುವುದು ಯಾರು ಆಕ್ಷೇಪಣೆ ಹಾಕಬಹುದು ಎಂಬಲ್ಲಿ. ಇದಕ್ಕಿಂತ ಮುಂಚಿನ ಹಂತದಲ್ಲಿ, ಎಂದರೆ ಯೋಜನೆಯ ಬಗ್ಗೆ ಅಭಿಪ್ರಾಯ ಕೇಳಿದಾಗ, ಗಡುವಿನೊಳಗೆ, ಈ ಯೋಜನೆಗೇ ಸಂಬಂಧಿಸಿದ ನಿರ್ದಿಷ್ಟ ಮಾತನ್ನು ಲಿಖಿತವಾಗಿ ಕೊಟ್ಟವರಿಗೆ ಮಾತ್ರ ಹಕ್ಕು. ಎತ್ತುವ ವಿಷಯವೂ ಆಗ ಬರೆದದ್ದರ ಮುಂದುವರಿಕೆಯಾಗಿರಬೇಕು. ನಡುವೆ ಹೊಸ ಮಾಹಿತಿ ಬಂದಿದ್ದರೆ ಅದೊಂದು ವಿನಾಯಿತಿ. ಮತ್ತೆ, ಏನು ಮಾಡಿದರೆ ನಿಮ್ಮ ತಕರಾರು ಬಗೆಹರಿಯುತ್ತದೆ ಎಂಬ ಸಲಹೆಯನ್ನೂ ಆಕ್ಷೇಪಣೆಯಲ್ಲೇ ಬರೆಯಬೇಕು. ಇಲ್ಲಿ ವೀಸಾದಲ್ಲಿರುವ ನಮ್ಮವರು ಅನೇಕರು ಇದೆಲ್ಲ ಸಿಟಿಜನ್‌ಗಳಿಗೆ ಮಾತ್ರ ಎಂದುಕೊಂಡು ಸುಮ್ಮನಿರುತ್ತಾರೆ. ನಿಯಮದಲ್ಲಿ ಪೌರತ್ವದ ಮಾತೇ ಇಲ್ಲ.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ 'ಆಕ್ಷೇಪಣೆಗಳಿದ್ದಲ್ಲಿ 60 ದಿನಗಳೊಳಗೆ ಸಲ್ಲಿಸಿ' ಎಂಬ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು ನೆನಪಾಗಬಹುದು. 2024ರ ಜುಲೈನಲ್ಲಿ ಆರನೆಯದು ಬಂತು. ಅಲ್ಲಿ ಮೊದಲೇ ಬರೆದಿರಬೇಕೆಂಬ ಷರತ್ತಿಲ್ಲ. ಬಾಗಿಲು ಅಗಲ, ಆದರೆ ಒಳಗೆ ಹೋದ ಕಾಗದ ಎಲ್ಲಿಗೆ ಸೇರಿತೆಂದು ಕಳಿಸಿದವರಿಗೆ ತಿಳಿಯುವುದು ಕಷ್ಟ. ಇಲ್ಲಿ ಬಾಗಿಲು ಕಿರಿದು, ಒಳಗೆ ಹೋದವರಿಗೆ ಲಿಖಿತ ಉತ್ತರ ಕಡ್ಡಾಯ.

ತಕರಾರು ಹುಟ್ಟಿದ್ದು ಎಲ್ಲಿ

ಪರಿಸರ ವರದಿಯ ಮೇಲೆ ಅಭಿಪ್ರಾಯ ಕೊಡಲು 30 ದಿನ ಇತ್ತು. ಆ ಅವಧಿಯಲ್ಲಿ ರೇಂಜ್ ಕಚೇರಿಯವರು ಊರಿನ ಶಾಲೆಯಲ್ಲಿ ಒಂದು ಸಂಜೆ ಸಭೆ ಇಟ್ಟಿದ್ದರು. ಗೋಡೆ ತುಂಬ ನಕಾಶೆ, ಮೂಲೆಯಲ್ಲಿ ಕಾಫಿ, ಪ್ರತಿ ನಕಾಶೆಯ ಪಕ್ಕ ಒಬ್ಬ ಅಧಿಕಾರಿ. ಕುದುರೆ ಸವಾರಿಯ ಒಬ್ಬ ಹಿರಿಯ ಮಹಿಳೆ ಅಲ್ಲಿ ಬಹಳ ಹೊತ್ತು ನಿಂತು, ನಿಲುಗಡೆ ಜಾಗದಲ್ಲಿ ಕುದುರೆ ಟ್ರೇಲರ್ ತಿರುಗಿಸಲು ಆಗುವುದಿಲ್ಲ, ಹಿಂದಕ್ಕೆ ತೆಗೆಯುವಾಗ ರಸ್ತೆಗೇ ಬರಬೇಕಾಗುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಅಧಿಕಾರಿ ತಲೆಯಾಡಿಸಿ ಚೀಟಿಯಲ್ಲಿ ಗುರುತು ಹಾಕಿಕೊಂಡರು. ತಮ್ಮ ಮಾತು ದಾಖಲಾಯಿತೆಂದು ಆಕೆ ಮನೆಗೆ ಹೋದರು. ಬರೆದು ಕಳಿಸಲಿಲ್ಲ. ಆ ಸಭೆಯಲ್ಲಿದ್ದ ಹೆಚ್ಚಿನವರು ಮಾಡಿದ್ದೂ ಅಷ್ಟೇ.

ಬರೆದವರು ಮೂರು ಬಗೆ. ಒಂದು ಪರಿಸರ ಸಂಘಟನೆ ಕಾನೂನು ಬಲ್ಲವರ ಕೈಯಲ್ಲಿ ಉದ್ದನೆಯ ಪತ್ರ ಬರೆಸಿತ್ತು. ನಿಲುಗಡೆ ಜಾಗಕ್ಕೆ ಅಂಟಿಕೊಂಡ ಮನೆಗಳವರು ಗದ್ದಲ, ಕಸ, ಬೆಂಕಿಯ ಭಯ ಎಂದು ಬರೆದರು. ನಮ್ಮ ಕ್ಲಬ್ಬು ಬೆಂಬಲದ ಪತ್ರದ ಜತೆಗೆ, ಜಿಂಕೆ ಜಾತಿಯ ದೊಡ್ಡ ಪ್ರಾಣಿಗಳಾದ ಎಲ್ಕ್‌ಗಳು ಮರಿ ಹಾಕುವ ಸಮಯದಲ್ಲಿ ದಾರಿ ಮುಚ್ಚುವ ತಾರೀಕುಗಳನ್ನು ವರದಿಯಲ್ಲಿ ಸ್ಪಷ್ಟವಾಗಿ ಹೇಳಿ ಎಂದು ಒಂದು ಪ್ಯಾರಾ ಸೇರಿಸಿತ್ತು. ಆ ಪ್ಯಾರಾ ಬೇಕೇ ಎಂದು ಬರೆಯುವಾಗ ಚರ್ಚೆಯಾಗಿತ್ತು. ನಾವೇ ನಿರ್ಬಂಧ ಕೇಳಿದ ಹಾಗಾಗುತ್ತದಲ್ಲ ಎಂಬುದು ಕೆಲವರ ಹೆದರಿಕೆ. ಕೊನೆಗೆ ಉಳಿಯಿತು. ನಮ್ಮನ್ನು ಮುಂದೆ ಕಾಪಾಡಿದ್ದು ಅದೊಂದೇ ಪ್ಯಾರಾ.

ಹೀಗೊಂದು ಪತ್ರ ರಾಜ್ಯದ ವನ್ಯಜೀವಿ ಇಲಾಖೆಯಿಂದಲೂ ಹೋಗಿತ್ತು. ಪೂರ್ವ ಒರೆಗಾನ್‌ನ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಎಲ್ಕ್‌ಗಳಿಗೆ ಕಾಲರ್ ಕಟ್ಟಿ ನಡೆಸಿದ ಅಧ್ಯಯನವನ್ನು ಅವರು ಮುಂದಿಟ್ಟಿದ್ದರು. ದಾರಿಯಲ್ಲಿ ಮೋಟಾರು ಬಂಡಿ ಬಂದಾಗ ಎಲ್ಕ್‌ಗಳು ಎಲ್ಲಕ್ಕಿಂತ ದೂರ ಸರಿಯುತ್ತವೆ, ಆಮೇಲೆ ಸೈಕಲ್ಲಿಗೆ. ನಡೆಯುವವರಿಗೂ ಕುದುರೆಯವರಿಗೂ ಕಡಿಮೆ, ಆದರೆ ಅವರಿಗೂ ಸರಿಯುತ್ತವೆ. ಸೈಕಲ್ಲು ಸದ್ದು ಮಾಡುವುದಿಲ್ಲ, ಪ್ರಾಣಿಗಳಿಗೇನು ತೊಂದರೆ ಎಂದು ವಾದಿಸುತ್ತಿದ್ದ ನಮ್ಮ ಕ್ಲಬ್ಬಿನವರಿಗೆ ಇದು ಹಿಡಿಸುವ ಓದಾಗಿರಲಿಲ್ಲ.

ಕರಡು ನಿರ್ಣಯ ಬಂದಾಗ ಮೂರು ಸಂಗತಿ ಕಿಡಿ ಹೊತ್ತಿಸಿದವು.

ಮೊದಲನೆಯದು ದೊಡ್ಡ ಮರಗಳದ್ದು. ಕ್ಯಾಸ್ಕೇಡ್‌ನ ಪೂರ್ವದ ರಾಷ್ಟ್ರೀಯ ಅರಣ್ಯಗಳಲ್ಲಿ 1995ರಿಂದ ಒಂದು ನಿಯಮ ಇದೆ; ಎದೆಮಟ್ಟದಲ್ಲಿ 21 ಅಂಗುಲಕ್ಕಿಂತ ದಪ್ಪನೆಯ ಜೀವಂತ ಮರಗಳನ್ನು ಮಾರಾಟಕ್ಕೆ ಕಡಿಯುವಂತಿಲ್ಲ ಎಂಬುದು ಅದರ ಸಾರ. ಬೇಗ ಬೆಳೆದ ಫರ್ ಮರಗಳು ಕೂಡ ಈ ದಪ್ಪ ದಾಟಿ ಹಳೆ ಪೈನ್‌ಗಳ ನೀರು ಕುಡಿಯುತ್ತಿವೆ ಎಂದು ಅಧಿಕಾರಿಗಳ ದೂರು. 2021ರ ಜನವರಿಯಲ್ಲಿ ಇದನ್ನು ಸಡಿಲಿಸಿದ ತಿದ್ದುಪಡಿ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನಮ್ಮ ಯೋಜನೆಯ ಕರಡಿನಲ್ಲಿ ಈ ಜಾಗಕ್ಕೆ ಮಾತ್ರ ಅನ್ವಯಿಸುವ ಒಂದು ವಿನಾಯಿತಿ ಸೇರಿತ್ತು.

ಎರಡನೆಯದು ತಾತ್ಕಾಲಿಕ ರಸ್ತೆಗಳು. ಮರ ಸಾಗಿಸಲು ಬುಲ್ಡೋಜರ್ ಬಿಟ್ಟು ಮಾಡುವ ರಸ್ತೆಗಳಲ್ಲಿ ಕೆಲವನ್ನು ಕೆಲಸ ಮುಗಿದ ಮೇಲೆ ಕಾಲುದಾರಿಯಾಗಿ ಬಳಸಿಕೊಳ್ಳುವುದೆಂದು ಬರೆದಿದ್ದರು. ನಮಗೆ ಹಬ್ಬ: ದುಡ್ಡು, ಶ್ರಮ ಎರಡೂ ಉಳಿಯುತ್ತವೆ. ಪರಿಸರ ಸಂಘಟನೆಯವರ ಕಣ್ಣಿಗೆ, ತಾತ್ಕಾಲಿಕ ಎಂದು ಹೇಳಿ ಮಾಡಿದ ರಸ್ತೆ ಕಾಯಂ ಆಗುವ ದಾರಿ ಇದು.

ಮೂರನೆಯದು ಎಲ್ಕ್ ಮರಿ ಹಾಕುವ ಒದ್ದೆ ಹುಲ್ಲುಗಾವಲಿನ ಅಂಚಿನಲ್ಲಿ ಹೋಗುವ ಒಂದು ದಾರಿ. ನಕಾಶೆಯ ಕೆಳಗಿನ ಟಿಪ್ಪಣಿಯಲ್ಲಿ ಮುಚ್ಚುವ ತಾರೀಕು ಒಂದು, ಪಠ್ಯದಲ್ಲಿ ಇನ್ನೊಂದು.

ಕ್ಲಬ್ಬಿನ ಸಭೆ

ಯೋಜನೆ ಬೇಕು ಎನ್ನುವವರು ಆಕ್ಷೇಪಣೆ ಹಾಕುವುದೇ? ಈ ಪ್ರಶ್ನೆಯ ಮೇಲೆ ನಮ್ಮ ಕ್ಲಬ್ಬು ಎರಡು ಹೋಳಾಯಿತು. ಆಕ್ಷೇಪಣೆ ಹಾಕಿದರೆ ರೇಂಜರ್ ಮುಖ ಕೆಡಿಸಿಕೊಳ್ಳುತ್ತಾರೆ, ಇಷ್ಟು ವರ್ಷ ಜತೆಗೆ ಕೆಲಸ ಮಾಡಿದ್ದು ಮಣ್ಣುಪಾಲು ಎಂದು ಅಧ್ಯಕ್ಷರ ವಾದ. ಖಜಾಂಚಿ ಮಾತ್ರ ನಿಯಮದ ಪ್ರತಿ ಹಿಡಿದುಕೊಂಡೇ ಬಂದಿದ್ದರು. ಆಕ್ಷೇಪಣೆ ಹಾಕಿದವರೊಡನೆ ಪರಿಶೀಲನಾಧಿಕಾರಿ ಸಭೆ ನಡೆಸಬಹುದು, ಆ ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ, ಆದರೆ ತೆರೆದಿರುವುದು ಬೇರೆ, ಮೇಜಿನ ಮುಂದೆ ಕುರ್ಚಿ ಸಿಗುವುದು ಬೇರೆ ಎಂದರು. ಪರಿಸರ ಸಂಘಟನೆಯವರು ಆಕ್ಷೇಪಣೆ ಹಾಕುವುದು ಖಚಿತ. ದಾರಿಯ ವಿಷಯದಲ್ಲಿ ರಾಜಿ ಆಗುವುದಾದರೆ ಆ ಮೇಜಿನ ಮೇಲೇ ಆಗುತ್ತದೆ. ಬೆಂಬಲಿಗರಾಗಿ ನಾವು ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿರಬೇಕಷ್ಟೇ.

ನನಗೆ ಈ ಪ್ರಕ್ರಿಯೆಯ ಅತಿ ದೊಡ್ಡ ಕೊರತೆ ಇದೇ ಎನಿಸುತ್ತದೆ. ವಿರೋಧಿಸುವವರಿಗೆ ಸ್ಥಾನ ಇದೆ, ಬೆಂಬಲಿಸುವವರಿಗಿಲ್ಲ. ಹಾಗಾಗಿ ಬೆಂಬಲಿಸುವವರೂ ಏನಾದರೊಂದು ಕೊಂಕು ಹುಡುಕಿ ತರಬೇಕು. ನಮಗೆ ಹುಡುಕಬೇಕಾಗಿರಲಿಲ್ಲ; ತಾರೀಕಿನ ಗೊಂದಲ ನಿಜವಾದದ್ದೇ ಆಗಿತ್ತು, ಅದರ ಬಗ್ಗೆ ಮೊದಲೇ ಬರೆದೂ ಇದ್ದೆವು. ಎರಡು ಪುಟದ ಆಕ್ಷೇಪಣೆ ಹೋಯಿತು. ಹಾಕುವ ಮುಂಚೆ ಅಧ್ಯಕ್ಷರೇ ರೇಂಜರ್‌ಗೆ ಫೋನ್ ಮಾಡಿ ಹೀಗೆ ಮಾಡುತ್ತಿದ್ದೇವೆ, ಕಾರಣ ಇದು ಎಂದು ಹೇಳಿದರು. ಆ ಫೋನ್ ಮಾಡದಿದ್ದರೆ ಮುಖ ಕೆಡುತ್ತಿತ್ತೋ ಏನೋ.

ಬಂದ ಪತ್ರಗಳು, ಹೊರಗುಳಿದ ಪತ್ರಗಳು

ಪರಿಸರ ಸಂಘಟನೆಯದು ಅರವತ್ತು ಪುಟದ ಹತ್ತಿರ. ನೆರೆಯ ಮನೆಗಳವರದು ಒಬ್ಬರನ್ನು ಮುಖ್ಯ ಆಕ್ಷೇಪಕರೆಂದು ಹೆಸರಿಸಿ ಸೇರಿ ಬರೆದ ಪತ್ರ. ನಮ್ಮದೊಂದು. ಕುದುರೆಯ ಮಹಿಳೆಯೂ ಈ ಸಲ ಕೂತು ಬರೆದಿದ್ದರು, ಅಚ್ಚುಕಟ್ಟಾಗಿ, ಕೈಯಲ್ಲಿ ಬಿಡಿಸಿದ ಚಿತ್ರದೊಂದಿಗೆ.

ಅವರ ಪತ್ರವನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಮೊದಲ ಹಂತದಲ್ಲಿ ಲಿಖಿತ ಅಭಿಪ್ರಾಯ ಕೊಟ್ಟಿಲ್ಲವಾದ್ದರಿಂದ ಅರ್ಹತೆ ಇಲ್ಲ ಎಂದು ಉತ್ತರ. ಶಾಲೆಯ ಸಭೆಯಲ್ಲಿ ಹೇಳಿದ್ದೆ ಎಂದರು, ಹೇಳಿದ್ದು ಸಾಲದು. ಆ ಕಾಗದದಲ್ಲಿದ್ದ ವಿಷಯ ಅಷ್ಟೂ ಆಕ್ಷೇಪಣೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದಾಗಿತ್ತು ಎಂದು ನನ್ನ ಅಭಿಪ್ರಾಯ.

ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಕಾಣುತ್ತಿದ್ದದ್ದು ಪರಿಹಾರದ ಸಾಲಿನಲ್ಲಿ. ನೆರೆಯವರು ಆರು ತೊಂದರೆ ಪಟ್ಟಿ ಮಾಡಿ, ಪರಿಹಾರ ಎಂಬಲ್ಲಿ ನಿಲುಗಡೆ ಜಾಗವನ್ನೇ ಕೈಬಿಡಿ ಎಂದು ಬರೆದಿದ್ದರು. ಪರಿಸರ ಸಂಘಟನೆಯವರದು ಕೂಡ ಹೆಚ್ಚಿನ ಪುಟಗಳಲ್ಲಿ ಹಾಗೆಯೇ: ಪೂರ್ಣ ಪ್ರಮಾಣದ ಪರಿಸರ ಪರಿಣಾಮ ವರದಿ ಮಾಡಿ, ಇಲ್ಲವೇ ಯೋಜನೆ ಹಿಂತೆಗೆದುಕೊಳ್ಳಿ. ಆದರೆ ರಸ್ತೆಯ ವಿಷಯ ಬರುವಲ್ಲಿ ಯಾರೋ ಬೇರೆಯವರ ಕೈ ಕಾಣುತ್ತಿತ್ತು. ಮೂರು ರಸ್ತೆ ತುಂಡುಗಳ ಸಂಖ್ಯೆ ಕೊಟ್ಟು, ಮರ ಸಾಗಿಸಿದ ಮೇಲೆ ಅವುಗಳನ್ನು ಉತ್ತು, ಇಳಿಜಾರಿನ ಮೂಲ ಆಕಾರಕ್ಕೆ ತಂದು, ಕೊಂಬೆ ಹರಡಿ ಮುಚ್ಚಬೇಕು. ಕಾಲುದಾರಿ ಬೇಕಿದ್ದರೆ ಅದನ್ನು ಬೇರೆಯಾಗಿ, ಕೈ ಉಪಕರಣದಿಂದ, ಕಿರಿದಾಗಿ ಮಾಡಲಿ ಎಂದಿತ್ತು. ಎಂಟು ಸಾಲು. ಅಂತಿಮ ನಿರ್ಣಯದಲ್ಲಿ ಹೆಚ್ಚುಕಡಿಮೆ ಹಾಗೆಯೇ ಸೇರಿಕೊಂಡದ್ದು ಆ ಎಂಟು ಸಾಲು ಮಾತ್ರ.

ಕಾಡಿನಲ್ಲಿ ನಿಂತು

ಸೂಪರ್‌ವೈಸರ್ ಸಭೆಯನ್ನು ಕಚೇರಿಯಲ್ಲಿ ಇಡುವ ಮುಂಚೆ ಎಲ್ಲರನ್ನೂ ಜಾಗಕ್ಕೆ ಕರೆದರು. ನಿಯಮ ಇದಕ್ಕೆ ಅವಕಾಶ ಕೊಡುತ್ತದೆ, ಕಡ್ಡಾಯವೇನಲ್ಲ. ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಯಾರೂ ಮಾಡಲಿಲ್ಲ.

ತಾತ್ಕಾಲಿಕ ರಸ್ತೆ ಹೋಗಬೇಕಾದ ಗುರುತಿನ ರಿಬ್ಬನ್‌ಗಳ ನಡುವೆ ಹದಿನೈದಿಪ್ಪತ್ತು ಜನ ನಿಂತಿದ್ದೆವು. ಸಂಘಟನೆಯ ಅರಣ್ಯ ತಜ್ಞರು ಒಂದು ಫರ್ ಮರಕ್ಕೆ ಎದೆಮಟ್ಟದಲ್ಲಿ ಟೇಪು ಸುತ್ತಿದರು. ಈ ಟೇಪಿನಲ್ಲಿ ಸುತ್ತಳತೆಯ ಬದಲು ನೇರವಾಗಿ ವ್ಯಾಸವೇ ಬರೆದಿರುತ್ತದೆ: 22 ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ರೇಂಜಿನ ಮರ ತಜ್ಞೆ ಪಕ್ಕದಲ್ಲಿದ್ದ, ಅದಕ್ಕಿಂತ ತೆಳ್ಳಗಿನ ಒಂದು ಪೈನ್ ತೋರಿಸಿ, ಇದರದ್ದೂ ನೋಡಿ ಎಂದರು. 17. ಆಮೇಲೆ ಚೀಲದಿಂದ ಟೊಳ್ಳು ಬೈರಿಗೆ ತೆಗೆದು ಎರಡೂ ಮರಗಳಿಗೆ ತಿರುಗಿಸಿ, ಪೆನ್ಸಿಲ್‌ಗಿಂತ ಸಣ್ಣನೆಯ ಕಡ್ಡಿಯಂಥ ತಿರುಳು ಎಳೆದರು. ಫರ್‌ನ ಉಂಗುರಗಳು ಅಗಲ ಅಗಲ, ಬರಿಗಣ್ಣಿಗೆ ಎಣಿಸಬಹುದು. ಮರಕ್ಕೆ ನೂರು ವರ್ಷವೂ ಆಗಿರಲಿಲ್ಲ. ಪೈನಿನದು ಕೂದಲೆಳೆಯಂತೆ ಒತ್ತೊತ್ತಾಗಿ ಕೂತಿದ್ದವು. ಭೂತಗನ್ನಡಿ ಹಿಡಿದು ಎಣಿಸುತ್ತಾ ಹೋದರು, ಇನ್ನೂರು ದಾಟಿದ ಮೇಲೆ ನಿಲ್ಲಿಸಿದರು. ಆ ಪೈನಿಗೆ 21 ಅಂಗುಲದ ನಿಯಮದ ರಕ್ಷಣೆ ಇರಲಿಲ್ಲ. ಫರ್‌ಗೆ ಇತ್ತು.

ಅಷ್ಟು ಹೊತ್ತಿಗೆ ಸಂಘಟನೆಯ ವಕೀಲೆ ರೇಂಜರ್ ಕಡೆ ತಿರುಗಿ, ಇಡೀ ಯೋಜನೆಯಲ್ಲಿ 21 ಅಂಗುಲ ದಾಟಿದ ಎಷ್ಟು ಫರ್‌ಗಳನ್ನು ಕಡಿಯಬೇಕೆಂದಿದ್ದೀರಿ ಎಂದು ಕೇಳಿದರು. ರೇಂಜರ್ ಮರ ತಜ್ಞೆಯನ್ನು ನೋಡಿದರು. ಬಹಳ ಇಲ್ಲ, ಹೆಚ್ಚಿನವು ಒಂದೇ ಹಳ್ಳದ ಬದಿಯಲ್ಲಿವೆ ಎಂದು ಉತ್ತರ ಬಂತು. ಅರವತ್ತು ಪುಟದ ಆಕ್ಷೇಪಣೆಯಲ್ಲಿ ಅರ್ಧದಷ್ಟು ಈ ವಿನಾಯಿತಿಯ ಮೇಲೆಯೇ ಇತ್ತು. ವರದಿಯಲ್ಲೂ ಅದರ ಸಮರ್ಥನೆಗೆ ಪುಟಗಟ್ಟಲೆ ಖರ್ಚಾಗಿತ್ತು. ಮರ ಎಷ್ಟು ಎಂದು ಅಲ್ಲಿಯವರೆಗೆ ಯಾರೂ ಮುಖಾಮುಖಿ ಕೇಳಿರಲಿಲ್ಲ.

ವಿನಾಯಿತಿ ಅಲ್ಲೇ ಬಿದ್ದುಹೋಯಿತು ಎಂದು ನಾನು ಲೆಕ್ಕ ಹಾಕುತ್ತೇನೆ, ಕಾಗದದ ಮೇಲೆ ಬೀಳಲು ಇನ್ನೂ ಕೆಲವು ವಾರ ಹಿಡಿದರೂ. ಅಷ್ಟು ಮರಗಳಿಗಾಗಿ ನ್ಯಾಯಾಲಯಕ್ಕೆ ಹೋಗಿ, ಉಳಿದ ಸಾವಿರಾರು ಎಕರೆಯ ಕೆಲಸವನ್ನು ವರ್ಷಗಟ್ಟಲೆ ನಿಲ್ಲಿಸಿಕೊಳ್ಳುವುದು ರೇಂಜರ್‌ಗೆ ಬೇಡವಾಗಿತ್ತು. ಸಂಘಟನೆಯವರೂ ಬರಿಗೈಯಲ್ಲಿ ಕೂರಲಿಲ್ಲ: 150 ವರ್ಷ ದಾಟಿದ ಯಾವ ಮರವನ್ನೂ, ದಪ್ಪ ಎಷ್ಟೇ ಇರಲಿ, ಕಡಿಯಬಾರದೆಂಬ ಷರತ್ತನ್ನು ಸೇರಿಸಿ ಎಂದರು. ಆ ತೆಳ್ಳನೆಯ ಪೈನ್ ನೋಡಿದ ಮೇಲೆ ಅದಕ್ಕೆ ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕಚೇರಿ ಸಭೆ ಮರುವಾರ ನಡೆಯಿತು. ದಾರಿಯ ವಿಷಯ ಬಂದಾಗ ಖಜಾಂಚಿ ಹೇಳಿದ್ದು ನಿಜವಾಯಿತು. ಹುಲ್ಲುಗಾವಲಿನ ಅಂಚಿನ ದಾರಿಯನ್ನು ಪೂರ್ತಿ ತೆಗೆದುಬಿಡಿ ಎಂದು ಸಂಘಟನೆಯವರು ಕೇಳಿದರು. ನಾವು ಮೇಜಿನ ಮುಂದಿದ್ದೆವಾದ್ದರಿಂದ ಉತ್ತರ ಕೊಡಲು ಸಾಧ್ಯವಾಯಿತು. ಅದನ್ನು ಮೇಲಿನ ದಿಣ್ಣೆಯ ಆಚೆ ಮಗ್ಗುಲಿಗೆ ಸರಿಸೋಣ, ಹುಲ್ಲುಗಾವಲು ಕಣ್ಣಿಗೂ ಕಿವಿಗೂ ಮರೆಯಾಗುತ್ತದೆ, ಬದಲಿಗೆ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಮುಚ್ಚುವುದಕ್ಕೆ ಒಪ್ಪುತ್ತೇವೆ ಎಂದೆವು. ತಾತ್ಕಾಲಿಕ ರಸ್ತೆಗಳ ಮೇಲಿನ ಆಸೆಯನ್ನೂ ಅಲ್ಲೇ ಬಿಟ್ಟುಕೊಟ್ಟೆವು. ಕೆಲವು ಸದಸ್ಯರು ಇದಕ್ಕಾಗಿ ಇವತ್ತಿಗೂ ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ. ಅಗಲವಾದ ರಸ್ತೆಯ ಮೇಲೆ ಸೈಕಲ್ಲು ಓಡಿಸುವುದು ಅಷ್ಟೇನೂ ಸುಖವಲ್ಲ ಎಂಬುದು ನನ್ನ ಸಮಾಧಾನ.

ನಿಲುಗಡೆ ಜಾಗದ ಚರ್ಚೆ ಮಾತ್ರ ಎಲ್ಲೂ ಹೋಗುತ್ತಿರಲಿಲ್ಲ. ನೆರೆಯವರು ಬೇಡವೇ ಬೇಡ ಎಂದರು, ರೇಂಜರ್ ಬೇಕು ಎಂದರು. ಹಿಂದಿನ ಸಾಲಿನಲ್ಲಿ ಕುದುರೆಯ ಮಹಿಳೆ ಸಾರ್ವಜನಿಕರಾಗಿ ಬಂದು ಕೂತಿದ್ದರು. ಸೂಪರ್‌ವೈಸರ್ ಅವರತ್ತ ನೋಡಿ, ನಿಮ್ಮ ಪತ್ರವನ್ನು ಆಕ್ಷೇಪಣೆಯಾಗಿ ಪರಿಗಣಿಸಲು ನನಗೆ ಅವಕಾಶವಿಲ್ಲ, ಆದರೆ ನೆರೆಯವರು ಈ ಜಾಗದ ವಿಷಯ ಎತ್ತಿದ್ದಾರೆ, ಅದರ ಮೇಲೆ ನಿಮಗೇನಾದರೂ ಹೇಳುವುದಿದ್ದರೆ ಹೇಳಿ ಎಂದರು. ಆಕೆ ತಮ್ಮ ಚಿತ್ರ ತೆಗೆದು ಮೇಜಿನ ಮೇಲಿಟ್ಟರು. ಜಾಗವನ್ನು ಹಳೆಯ ಜಲ್ಲಿ ಗುಂಡಿಗೆ ಒಯ್ದರೆ ಟ್ರೇಲರ್ ಒಂದೇ ಸುತ್ತಿಗೆ ತಿರುಗುತ್ತದೆ. ಮನೆಗಳಿಂದಲೂ ಅದು ದೂರ. ನೆರೆಯವರಲ್ಲಿ ಒಬ್ಬರು, ಇದು ಮೊದಲೇ ಗೊತ್ತಿದ್ದರೆ ನಾವು ಇದನ್ನೇ ಕೇಳುತ್ತಿದ್ದೆವು ಎಂದರು.

ಏನಾಯಿತು

ಸೂಪರ್‌ವೈಸರ್ ಅವರ ಲಿಖಿತ ಉತ್ತರ ಅವಧಿಯ ಕೊನೆಯ ದಿನಗಳಲ್ಲಿ ಬಂತು. ಹೆಚ್ಚಿನ ವಿಷಯಗಳಲ್ಲಿ ವಿಶ್ಲೇಷಣೆ ಸಾಕಷ್ಟಿದೆ, ಕಾನೂನು ಉಲ್ಲಂಘನೆ ಕಾಣುವುದಿಲ್ಲ ಎಂಬ ಒಣ ಭಾಷೆ. ಅದರ ಕೆಳಗೆ ರೇಂಜರ್‌ಗೆ ಕೊಟ್ಟ ಸೂಚನೆಗಳು. ಈ ಸೂಚನೆಗಳನ್ನು ಪಾಲಿಸದೆ ರೇಂಜರ್ ಸಹಿ ಹಾಕುವಂತಿಲ್ಲ. ಇದರ ಮೇಲೆ ಇಲಾಖೆಯೊಳಗೆ ಮತ್ತೊಂದು ಮೇಲ್ಮನವಿಯೂ ಇಲ್ಲ. ಅತೃಪ್ತರಾದವರಿಗೆ ಉಳಿಯುವುದು ಫೆಡರಲ್ ನ್ಯಾಯಾಲಯ, ಅಲ್ಲಿಗೂ ಮೊದಲು ಈ ಮೆಟ್ಟಿಲು ಹತ್ತಿ ಬಂದವರಿಗಷ್ಟೇ ಪ್ರವೇಶ.

ಅಂತಿಮ ನಿರ್ಣಯದಲ್ಲಿ 21 ಅಂಗುಲದ ವಿನಾಯಿತಿ ಹೋಯಿತು, 150 ವರ್ಷದ ಷರತ್ತು ಬಂತು. ಮೂರು ರಸ್ತೆ ತುಂಡುಗಳನ್ನು ಮುಚ್ಚುವ ವಿಧಾನ ಸೇರಿತು. ಎಲ್ಕ್ ದಾರಿ ದಿಣ್ಣೆಯಾಚೆ ಸರಿಯಿತು, ತಾರೀಕುಗಳು ನಕಾಶೆಯಲ್ಲೂ ಪಠ್ಯದಲ್ಲೂ ಒಂದೇ ಆದವು. ನಿಲುಗಡೆ ಜಾಗ ಜಲ್ಲಿ ಗುಂಡಿಗೆ ಹೋಯಿತು; ಅದಕ್ಕಾಗಿ ಒಂದು ಪುಟ್ಟ ಹೆಚ್ಚುವರಿ ಸಮೀಕ್ಷೆ ಬೇಕಾಯಿತು. ಹೊಸ ದಾರಿ ತೆರೆಯುವ ಮುಂಚೆ ಆಯಾ ಭಾಗದ ಕಳ್ಳದಾರಿ ಮುಚ್ಚಿರಬೇಕು ಎಂಬ ಅನುಕ್ರಮವನ್ನೂ ಬರೆದರು. ಇದನ್ನು ಯಾರೂ ಆಕ್ಷೇಪಣೆಯಲ್ಲಿ ಕೇಳಿರಲಿಲ್ಲ, ಸ್ಥಳ ಭೇಟಿಯ ದಿನ ವನ್ಯಜೀವಿ ತಜ್ಞರು ಮಾತಿನ ನಡುವೆ ಹೇಳಿದ್ದು. ಪರಿಸರ ಸಂಘಟನೆ ನ್ಯಾಯಾಲಯಕ್ಕೆ ಹೋಗಲಿಲ್ಲ.

ಬಗೆಹರಿಯದ್ದೂ ಇದೆ. ಬ್ಯಾಟರಿ ಸೈಕಲ್ಲುಗಳು ಫಾರೆಸ್ಟ್ ಸರ್ವಿಸ್ ಲೆಕ್ಕದಲ್ಲಿ ಮೋಟಾರು ವಾಹನ. ಈ ದಾರಿಗಳಲ್ಲಿ ಅವಕ್ಕೆ ಪ್ರವೇಶವಿಲ್ಲ ಎಂದು ಫಲಕ ಇದೆ. ಫಲಕದ ಪಕ್ಕದಲ್ಲೇ ಅವು ಹಾದುಹೋಗುತ್ತವೆ. ಯಾರೂ ಇದನ್ನು ಮೊದಲ ಹಂತದಲ್ಲಿ ಎತ್ತಲಿಲ್ಲವಾದ್ದರಿಂದ ಎರಡನೆಯ ಹಂತದಲ್ಲಿ ಎತ್ತಲು ಆಗಲೇ ಇಲ್ಲ.

ಕಲಿತದ್ದರ ಬಗ್ಗೆ

ಇಂಥ ಪ್ರಕ್ರಿಯೆಯಲ್ಲಿ ಯಾರ ಪತ್ರ ದಪ್ಪ ಎಂಬುದಕ್ಕೆ ಬೆಲೆ ಕಡಿಮೆ. ಮೊದಲ 30 ದಿನದಲ್ಲಿ ಏನನ್ನು ಬರೆದಿಟ್ಟಿರಿ, ಆಮೇಲಿನ 45 ದಿನದಲ್ಲಿ ಅಧಿಕಾರಿ ಹಾಗೆಯೇ ಎತ್ತಿ ಹಾಕಿಕೊಳ್ಳಬಹುದಾದ ಯಾವ ಸಾಲನ್ನು ಕೊಟ್ಟಿರಿ ಎಂಬ ಎರಡರ ಮೇಲೆ ಇಲ್ಲಿ ಎಲ್ಲ ನಿಂತಿತು. ಯೋಜನೆ ನಿಲ್ಲಿಸಿ ಎಂದ ಪ್ರತಿ ಬೇಡಿಕೆಗೂ ಸಿಕ್ಕಿದ್ದು ಸೌಜನ್ಯದ ನಿರಾಕರಣೆ. ಬೆಂಬಲಿಸುವವರಾದರೆ, ಮೊದಲ ಪತ್ರದಲ್ಲೇ ನಿಜವಾದ ಒಂದು ನಿರ್ದಿಷ್ಟ ಕಾಳಜಿ ಬರೆದಿಡಿ. ಮುಂದೆ ಕುರ್ಚಿ ಬೇಕಾದಾಗ ಅದು ಬೇಕಾಗುತ್ತದೆ. ರೇಂಜ್ ಕಚೇರಿಯವರಿಗೂ ಒಂದು ಮಾತು: ಶಾಲೆಯ ಸಭೆಯಲ್ಲಿ ಕಾಫಿಯ ಪಕ್ಕ ಖಾಲಿ ಹಾಳೆ, ಪೆನ್ನು, ಒಂದು ಡಬ್ಬ ಇಟ್ಟು, ಹೇಳಿದ್ದನ್ನು ಇಲ್ಲಿ ಬರೆದು ಹಾಕಿದರೆ ಮಾತ್ರ ಮುಂದೆ ಹಕ್ಕು ಉಳಿಯುತ್ತದೆ ಎಂದು ದೊಡ್ಡದಾಗಿ ಬರೆದು ಅಂಟಿಸಬಹುದಿತ್ತು.

ಇದೇ ಯೋಜನೆ ಇವತ್ತು ಬಂದಿದ್ದರೆ ಈ ಬಾಗಿಲು ತೆರೆಯುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಸುಮಾರು 11.2 ಕೋಟಿ ಎಕರೆ ರಾಷ್ಟ್ರೀಯ ಅರಣ್ಯವನ್ನು ಬೆಂಕಿ, ಕೀಟ, ರೋಗದ ಕಾರಣಕ್ಕೆ ತುರ್ತು ಪರಿಸ್ಥಿತಿಯ ಪ್ರದೇಶವೆಂದು ಘೋಷಿಸಿದರು. ಅದು ಒಟ್ಟು ರಾಷ್ಟ್ರೀಯ ಅರಣ್ಯದ ಅರ್ಧಕ್ಕಿಂತ ಹೆಚ್ಚು. ಈ ತುರ್ತು ಅಧಿಕಾರದಡಿ ಕೈಗೊಳ್ಳುವ ಕೆಲಸಗಳಿಗೆ ಆಕ್ಷೇಪಣೆಯ ಹಂತವೇ ಇಲ್ಲ. ಒಣ ಇಳಿಜಾರಿನ ಪೈನ್ ಕಾಡು ತೆಳುಮಾಡುವುದು ಇಂಥ ಕೆಲಸಗಳಲ್ಲೇ ಬರುವಂಥದ್ದು. ನಮ್ಮ ಕ್ಲಬ್ಬಿನವರೂ ಪರಿಸರ ಸಂಘಟನೆಯವರೂ ಈಗ ಪಕ್ಕದ ಕಣಿವೆಯ ಮುಂದಿನ ಯೋಜನೆಗೆ ಕಾಗದ ಬರುವ ಮುಂಚೆಯೇ ಒಟ್ಟಿಗೆ ಕೂತು ಪತ್ರ ಬರೆಯುತ್ತಿದ್ದೇವೆ: ಯಾವ ರಸ್ತೆ ಮುಚ್ಚಬೇಕು, ಯಾವ ವಯಸ್ಸಿನ ಮರ ಉಳಿಯಬೇಕು, ದಾರಿ ಎಷ್ಟು ಅಗಲ ಇರಬೇಕು ಎಂದು. ಬ್ಯಾಟರಿ ಸೈಕಲ್ಲಿನ ಪ್ಯಾರಾದ ಮೇಲೆ ಮಾತ್ರ ಇನ್ನೂ ಒಮ್ಮತವಾಗಿಲ್ಲ.